ಹಿತ್ತಲ ಕೊಳಕ್ಕೆ ಯಾವ ಏರೇಟರ್? ಕಡಿಮೆ ಖರ್ಚಲ್ಲಿ ಆರಿಸಿಕೊಳ್ಳುವ ಬಗೆ

ಏರೇಟರ್, ಅಂದರೆ ಕೊಳದ ನೀರಿಗೆ ಗಾಳಿ ಬೆರೆಸುವ ಸಾಧನ, ಕೊಳ್ಳುವ ಮೊದಲು ಒಂದು ದಿನ ನಸುಕಿನಲ್ಲೇ ಎದ್ದು ಕೊಳದ ಹತ್ತಿರ ಹೋಗಿ ನೋಡಿ. ಬೆಳಕು ಹರಿಯುವ ಮುಂಚಿನ ಅರ್ಧ ಗಂಟೆ ಇದಕ್ಕೆ ಸರಿಯಾದ ಹೊತ್ತು. ಮೀನುಗಳು ತಳದಲ್ಲಿ ಆರಾಮಾಗಿದ್ದರೆ ಅವಸರ ಬೇಡ. ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ, ಅದರಲ್ಲೂ ದೊಡ್ಡ ಮೀನುಗಳೇ ಮೊದಲು ಹಾಗೆ ಮಾಡುತ್ತಿದ್ದರೆ, ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ. ಎಲ್ಲಾದರೂ ನೀರು ಬೀಳುವ ಜಾಗ ಇದ್ದರೆ ಎಲ್ಲವೂ ಅಲ್ಲೇ ಗುಂಪುಗೂಡಿರುತ್ತವೆ. ಬಿಸಿಲೇರಿದ ಮೇಲೆ ಅವೇ ಮೀನುಗಳು ಏನೂ ಆಗಿಲ್ಲ ಎಂಬಂತೆ ಓಡಾಡುತ್ತವೆ. ಹಾಗಾಗಿ ಹಗಲಲ್ಲಿ ಮಾತ್ರ ನೋಡುವವರಿಗೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ. ಗುರಾಮಿಯಂಥ ಮೀನುಗಳು ಮಾತ್ರ ಇದಕ್ಕೆ ಹೊರತು. ಅವು ಮೇಲೆ ಬಂದು ಗಾಳಿ ನುಂಗುವುದು ಮಾಮೂಲು.

ಇನ್ನೊಂದು ಮಾತು. ಏರೇಟರ್ ಇದ್ದೂ ಮೀನುಗಳು ಇಡೀ ದಿನ ಮೇಲೆಯೇ ಬಾಯಿ ಬಿಡುತ್ತಿದ್ದರೆ ಕಾರಣ ಬೇರೆ ಇರಬಹುದು. ನೀರಿನಲ್ಲಿ ಅಮೋನಿಯಾ ಅಥವಾ ನೈಟ್ರೈಟ್ ಹೆಚ್ಚಾಗಿರುತ್ತದೆ, ಇಲ್ಲವೇ ಕಿವಿರಿಗೆ ರೋಗ ತಗುಲಿರುತ್ತದೆ. ಮೊದಲು ನೀರಿನ ಪರೀಕ್ಷೆ ಮಾಡಿ. ಕಾರಣ ಅದೇ ಆಗಿದ್ದರೆ ಇನ್ನೊಂದು ಪಂಪ್ ತಂದರೂ ದುಡ್ಡು ದಂಡ.

ನಸುಕಿನ ಲೆಕ್ಕ

ಹಗಲಲ್ಲಿ ಪಾಚಿ ಮತ್ತು ಗಿಡಗಳು ಬೆಳಕಿನಿಂದ ಆಮ್ಲಜನಕ ತಯಾರಿಸುತ್ತವೆ. ಕತ್ತಲಾದ ಮೇಲೆ ಅವೂ ಮೀನಿನ ಹಾಗೆಯೇ ಆಮ್ಲಜನಕ ಬಳಸುತ್ತವೆ. ತಳದ ಹೂಳಿನಲ್ಲಿರುವ ಬ್ಯಾಕ್ಟೀರಿಯಾ ಅಂತೂ ಹಗಲು ರಾತ್ರಿ ಬಳಸುತ್ತಲೇ ಇರುತ್ತವೆ. ಹೀಗೆ ರಾತ್ರಿಯೆಲ್ಲ ಖರ್ಚಾಗಿ, ಸೂರ್ಯ ಹುಟ್ಟುವ ಹೊತ್ತಿಗೆ ಆಮ್ಲಜನಕ ತೀರಾ ಕೆಳಕ್ಕೆ ಇಳಿದಿರುತ್ತದೆ. ನೀರು ಹಸಿರಾಗಿರುವ ಕೊಳಗಳಲ್ಲಿ ಈ ಏರಿಳಿತ ಜಾಸ್ತಿ. ಮೋಡ ಮುಚ್ಚಿದ ದಿನ ಹಗಲಿನ ಗಳಿಕೆಯೂ ಕಡಿಮೆ. ಪಾಚಿ ಒಮ್ಮೆಗೇ ಸತ್ತು ಕೊಳೆಯಲು ಶುರುವಾದರೆ ಒಂದೇ ರಾತ್ರಿಯಲ್ಲಿ ಮೀನುಗಳೆಲ್ಲ ಸಾಯಬಹುದು.

ಇದರ ಮೇಲೆ ನೀರಿನ ಬಿಸಿಯೂ ಸೇರುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಕರಗಿಸಿಕೊಳ್ಳಬಲ್ಲದು. 20 ಡಿಗ್ರಿಗೆ ಅದು 9.1ಕ್ಕೆ ಇಳಿಯುತ್ತದೆ, 30 ಡಿಗ್ರಿಗೆ ಸುಮಾರು 7.5ಕ್ಕೆ. ಮೀನುಗಳು ನೆಮ್ಮದಿಯಾಗಿರಲು ಲೀಟರಿಗೆ 5 ಮಿಲಿಗ್ರಾಂ ಬೇಕು. 3ಕ್ಕಿಂತ ಕೆಳಗೆ ಹೋದರೆ ಅವಕ್ಕೆ ಸಂಕಟ, 2ಕ್ಕಿಂತ ಕೆಳಗೆ ಹಲವು ಜಾತಿಗಳು ಉಳಿಯುವುದೇ ಇಲ್ಲ. ಬೇಸಿಗೆಯಲ್ಲಿ ಮೀನಿನ ಹಸಿವೂ ಉಸಿರೂ ಹೆಚ್ಚು, ನೀರಿನಲ್ಲಿರುವ ಆಮ್ಲಜನಕ ಮಾತ್ರ ಕಡಿಮೆ. ತೊಂದರೆ ಇರುವುದೇ ಇಲ್ಲಿ.

ಹಾಗಾಗಿ ಯಾವ ಸಾಮಾನು ನೋಡಿದರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬೇಸಿಗೆಯ ರಾತ್ರಿ, ನಸುಕಿನವರೆಗೆ, ಇದು ನಿಲ್ಲದೆ ಕೆಲಸ ಮಾಡುತ್ತದೆಯೇ? ನನ್ನ ಪ್ರಕಾರ ಅಗ್ಗದ ಏರೇಟರ್ ಅಂದರೆ ರಾತ್ರಿಯಿಡೀ ಓಡಿ, ಕರೆಂಟ್ ಕಡಿಮೆ ತಿಂದು, ಕೆಟ್ಟಾಗ ಬಿಡಿಭಾಗ ಸಿಗುವಂಥದ್ದು. ಅಂಗಡಿಯಲ್ಲಿ ಕೊಡುವ ದುಡ್ಡು ಕಡಿಮೆ ಅನ್ನುವುದೊಂದೇ ಸಾಲದು.

ಖರ್ಚಿಲ್ಲದ್ದನ್ನು ಮೊದಲು ಮಾಡಿ

ಬಿದ್ದ ಎಲೆ ತೆಗೆಯಿರಿ. ತಳದ ಹೂಳನ್ನು ಒಮ್ಮೆಗೇ ಕಲಕದೆ ಸ್ವಲ್ಪ ಸ್ವಲ್ಪವಾಗಿ ಹೊರಹಾಕಿ. ಮೀನಿಗೆ ಸಂಜೆ ಹೊಟ್ಟೆ ತುಂಬ ತಿನ್ನಿಸಬೇಡಿ. ತಿಂದದ್ದು ಅರಗುವಾಗ ಅವು ಹೆಚ್ಚು ಆಮ್ಲಜನಕ ಬಳಸುತ್ತವೆ, ಅದೂ ಆಮ್ಲಜನಕ ಇಳಿಯುವ ಹೊತ್ತಿನಲ್ಲೇ. ಊಟ ಬೆಳಗ್ಗೆ ಬಿಸಿಲೇರಿದ ಮೇಲೆ ಹಾಕುವುದು ಒಳ್ಳೆಯದು.

ಕೊಳದಲ್ಲಿ ಈಗಾಗಲೇ ಫಿಲ್ಟರ್ ಪಂಪ್ ಓಡುತ್ತಿದೆಯೇ? ಹಾಗಿದ್ದರೆ ಅದರ ನೀರು ವಾಪಸ್ ಬರುವ ಪೈಪ್ ಎಲ್ಲಿದೆ ನೋಡಿ. ಹೆಚ್ಚಿನ ಕಡೆ ಅದು ನೀರಿನೊಳಗೇ ಮುಳುಗಿರುತ್ತದೆ. ಅದನ್ನು ನೀರಿನ ಮಟ್ಟಕ್ಕಿಂತ 15-20 ಸೆಂಟಿಮೀಟರ್ ಎತ್ತರಿಸಿ, ತುದಿಗೆ ಸಾಲಾಗಿ ತೂತು ಕೊರೆದ ಪೈಪ್ ಸೇರಿಸಿ. ನೀರು ಎಳೆ ಎಳೆಯಾಗಿ ಬಿದ್ದರೆ ಗಾಳಿ ಚೆನ್ನಾಗಿ ಬೆರೆಯುತ್ತದೆ, ಕರೆಂಟ್ ಖರ್ಚು ಹೆಚ್ಚೇನೂ ಏರುವುದಿಲ್ಲ. ನಾಲ್ಕಾರು ಮೀನಿರುವ ಸಣ್ಣ ಕೊಳಕ್ಕೆ ಇಷ್ಟೇ ಸಾಕಾಗುವುದೂ ಉಂಟು. ಇದನ್ನು ಮಾಡಿ ಮತ್ತೊಮ್ಮೆ ನಸುಕಿನಲ್ಲಿ ನೋಡಿ. ಕರಗಿದ ಆಮ್ಲಜನಕ ಅಳೆಯುವ ಹನಿ ಪರೀಕ್ಷೆಯ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಮೀಟರ್ ದುಬಾರಿ, ಮನೆ ಕೊಳಕ್ಕೆ ಅದು ಬೇಕಿಲ್ಲ.

ನೀರು ಎಷ್ಟಿದೆ?

ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 1,000ದಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಗುಂಡಗಿದ್ದರೆ ಅರ್ಧ ಅಗಲವನ್ನು ಅದರಿಂದಲೇ ಗುಣಿಸಿ, ಆಮೇಲೆ 3.14ರಿಂದ, ಆಮೇಲೆ ಆಳದಿಂದ, ಕೊನೆಗೆ 1,000ದಿಂದ. ಆಳವನ್ನು ಒಂದೇ ಕಡೆ ಅಳೆಯಬೇಡಿ. ಒಂದು ಕೋಲು ಹಿಡಿದು ನಾಲ್ಕೈದು ಕಡೆ ನೋಡಿ ಸರಾಸರಿ ತೆಗೆಯಿರಿ. ತುಂಬಾ ಆಳವಿರುವ ಜಾಗದ ಅಳತೆಯನ್ನು ಮಾತ್ರ ಬೇರೆಯಾಗಿ ಬರೆದಿಟ್ಟುಕೊಳ್ಳಿ, ಪಂಪ್ ಆರಿಸುವಾಗ ಅದು ಬೇಕಾಗುತ್ತದೆ.

3 ಮೀಟರ್ ಉದ್ದ, 2 ಮೀಟರ್ ಅಗಲ, 0.8 ಮೀಟರ್ ಆಳದ ಕೊಳ ಅಂದರೆ 4,800 ಲೀಟರ್. ಸಾಧಾರಣ ಸಂಖ್ಯೆಯ ಮೀನಿದ್ದರೆ ಗಂಟೆಗೆ ನೀರಿನ ಅರ್ಧದಷ್ಟು ಗಾಳಿ ಬೇಕು ಅಂತ ಲೆಕ್ಕ ಹಿಡಿಯಿರಿ. ಅಂದರೆ 2,400 ಲೀಟರ್. 60ರಿಂದ ಭಾಗಿಸಿದರೆ ನಿಮಿಷಕ್ಕೆ 40 ಲೀಟರ್. ಕೋಯ್ ತರದ ದೊಡ್ಡ ಮೀನುಗಳು ಒತ್ತಾಗಿ ಇದ್ದರೆ ಅದರ ದುಪ್ಪಟ್ಟು. ಬರೀ ಗಿಡ ಮತ್ತು ಒಂದಿಷ್ಟು ಗಪ್ಪಿ ಇದ್ದರೆ ಅರ್ಧಕ್ಕಿಂತಲೂ ಕಡಿಮೆ ಸಾಕು. ಇದು ಕೆಲಸ ಶುರು ಮಾಡಲು ಒಂದು ಅಂದಾಜು ಅಷ್ಟೇ, ಕೊನೆಯ ತೀರ್ಪು ನಸುಕಿನಲ್ಲಿ ಮೀನುಗಳೇ ಹೇಳುತ್ತವೆ.

ಯಾವ ಬಗೆಯದು?

ಕಾರಂಜಿ ನೋಡಲು ಚೆಂದ. ಆದರೆ ಮನೆ ಕೊಳದ ಸಣ್ಣ ಕಾರಂಜಿ ಸುತ್ತಲಿನ ನೀರನ್ನಷ್ಟೇ ಕದಲಿಸುತ್ತದೆ, ತಳದ ನೀರು ಅಲ್ಲೇ ಉಳಿಯುತ್ತದೆ. ನೀರನ್ನು ಮೇಲೆತ್ತಲು ಕರೆಂಟ್ ಜಾಸ್ತಿ ಬೇಕು, ಗಾಳಿಗೆ ನೀರು ಆವಿಯಾಗಿ ಹೋಗುವುದೂ ಜಾಸ್ತಿ. ತಾವರೆ, ನೈದಿಲೆಗೆ ಎಲೆಯ ಮೇಲೆ ಸದಾ ನೀರು ಬೀಳುವುದು ಹಿಡಿಸುವುದಿಲ್ಲ. ಚೆಂದಕ್ಕೆ ಬೇಕಿದ್ದರೆ ಸಂಜೆ ಒಂದು ಗಂಟೆ ಹಾಕಿಕೊಳ್ಳಿ, ಮೀನಿನ ಉಸಿರಿಗೆ ಅದನ್ನೇ ನಂಬಿಕೊಳ್ಳಬೇಡಿ.

ಬ್ಯಾಟರಿ ಇಲ್ಲದ ಸೋಲಾರ್ ಏರೇಟರ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಬೇಕಾದಾಗ ಅದು ಓಡುವುದಿಲ್ಲ, ಬೇಡವಾದಾಗ ಓಡುತ್ತದೆ. ಬಿಸಿಲಿರುವಾಗ ಗಿಡಗಳೇ ಆಮ್ಲಜನಕ ಕೊಡುತ್ತಿರುತ್ತವೆ, ಕತ್ತಲಾದ ಕೂಡಲೇ ಪಂಪ್ ನಿಲ್ಲುತ್ತದೆ. ಮೋಡ ಕವಿದ ದಿನವಂತೂ ಕೇಳುವುದೇ ಬೇಡ. ಕರೆಂಟ್ ಎಳೆಯಲಾಗದ ಜಾಗವಾದರೆ ಬ್ಯಾಟರಿ ಸಮೇತದ್ದನ್ನೇ ಕೊಳ್ಳಿ, ಅದೂ 10-12 ಗಂಟೆ ಓಡುವಂಥದ್ದು. ಆಗ ಅದರ ಬೆಲೆ ಮಾಮೂಲಿ ಪಂಪಿಗಿಂತ ಎಷ್ಟೋ ಏರಿರುತ್ತದೆ.

ವೆಂಚುರಿ ಅಂದರೆ ನೀರಿನ ಪಂಪಿನ ಬಾಯಿಗೆ ಸೇರಿಸುವ ಸಣ್ಣ ಭಾಗ. ನೀರು ಇಕ್ಕಟ್ಟಿನಲ್ಲಿ ರಭಸವಾಗಿ ಹೋಗುವಾಗ ಪಕ್ಕದ ಕೊಳವೆಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಪಂಪ್ ಈಗಾಗಲೇ ಇರುವವರಿಗೆ ಇದು ಒಳ್ಳೆ ಉಳಿತಾಯ. ಹೊಸದಾಗಿ ಇದಕ್ಕೆಂದೇ ಪಂಪ್ ಕೊಳ್ಳುವುದು ಬೇಡ. ಇದನ್ನು ಆಳವಾಗಿ ಇಳಿಸಿದಷ್ಟೂ ಗಾಳಿ ಎಳೆಯುವುದು ಕಡಿಮೆಯಾಗುತ್ತದೆ.

ಇನ್ನು ಉಳಿದದ್ದು ದಡದಲ್ಲಿ ಕೂತು ಕೊಳವೆಯಿಂದ ತಳಕ್ಕೆ ಗಾಳಿ ಕಳಿಸುವ ಏರ್ ಪಂಪ್. ಹೆಚ್ಚಿನ ಹಿತ್ತಲ ಕೊಳಗಳಿಗೆ ನಾನು ಹೇಳುವುದು ಇದನ್ನೇ. ಒಂದು ಮೀಟರ್ ಆಳದಿಂದ ಗುಳ್ಳೆ ಮೇಲೆ ಬರಲು ಕೆಲವೇ ಸೆಕೆಂಡು ಸಾಕು, ಅಷ್ಟರಲ್ಲಿ ಅದರೊಳಗಿನ ಆಮ್ಲಜನಕದ ಸ್ವಲ್ಪ ಭಾಗ ಮಾತ್ರ ಕರಗುತ್ತದೆ. ಆದರೆ ಮೇಲೇರುವ ಗುಳ್ಳೆಗಳು ತಳದ ನೀರನ್ನೂ ಜೊತೆಗೆ ಎತ್ತಿಕೊಂಡು ಬರುತ್ತವೆ. ಆ ನೀರು ಮೇಲೆ ಹರಡಿ, ಗಾಳಿಗೆ ಮೈಯೊಡ್ಡಿ, ಮತ್ತೆ ಕೆಳಗಿಳಿಯುತ್ತದೆ. ಇಡೀ ಕೊಳ ಹೀಗೆ ಸುತ್ತುತ್ತಿರುತ್ತದೆ. ಮೇಲ್ಮೈ ಸದಾ ಅಲುಗುವುದರಿಂದ ಅಲ್ಲಿ ಸೊಳ್ಳೆ ಮೊಟ್ಟೆ ಇಡುವುದೂ ಕಡಿಮೆಯಾಗುತ್ತದೆ.

ಏರ್ ಪಂಪಿನಲ್ಲೂ ಬಗೆಗಳಿವೆ. ಅಕ್ವೇರಿಯಂ ಪಂಪ್ ಅಗ್ಗ, ಆದರೆ ಅದು ತೊಟ್ಟಿಗಳಿಗೆ ಮಾಡಿದ್ದು. ಕೆಲವು ನೂರು ಲೀಟರಿನ, ಅರ್ಧ ಮೀಟರ್ ಆಳದ ಕೊಳಕ್ಕೆ ಸಾಕು. ಅಲ್ಯೂಮಿನಿಯಂ ಮೈಯ, ಉರುಟು ಸಿಲಿಂಡರ್ ಆಕಾರದ ಎಲೆಕ್ಟ್ರೋಮ್ಯಾಗ್ನೆಟಿಕ್ ಪಂಪ್ ಕೊಟ್ಟ ದುಡ್ಡಿಗೆ ಗಾಳಿ ಚೆನ್ನಾಗಿ ಕೊಡುತ್ತದೆ. ಸದ್ದು ಮಾತ್ರ ಜೋರು, ಮೈ ಕೈ ಇಡಲಾಗದಷ್ಟು ಬಿಸಿ. ಮಲಗುವ ಕೋಣೆಯ ಕಿಟಕಿ ಹತ್ತಿರವಿದ್ದರೆ ಇದು ಬೇಡ. ಲೀನಿಯರ್ ಡಯಾಫ್ರಾಮ್ ಪಂಪಿನ ಬೆಲೆ ಸ್ವಲ್ಪ ಹೆಚ್ಚು, ಆದರೆ ಸದ್ದು ಕಡಿಮೆ, ಕರೆಂಟೂ ಕಡಿಮೆ, ಒಳಗಿನ ರಬ್ಬರ್ ಪೊರೆ (ಇದೇ ಡಯಾಫ್ರಾಮ್) ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ಎರಡು ಮೀಟರ್ ಆಳದವರೆಗಿನ ಕೊಳಕ್ಕೆ ನಾನು ಆರಿಸುವುದು ಇದನ್ನು. ಅದಕ್ಕಿಂತ ಆಳವಿದ್ದರೆ ರಾಕಿಂಗ್ ಪಿಸ್ಟನ್ ಪಂಪ್ ಬೇಕಾಗುತ್ತದೆ, ಮನೆ ಕೊಳ ಅಷ್ಟು ಆಳ ಇರುವುದು ಅಪರೂಪ.

ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡಿ

ಜನ ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಡಬ್ಬದ ಮೇಲೆ ‘ನಿಮಿಷಕ್ಕೆ 60 ಲೀಟರ್’ ಅಂತ ದೊಡ್ಡದಾಗಿ ಬರೆದಿರುತ್ತದೆ. ಹಲವು ಸಲ ಅದು ಕೊಳವೆಯನ್ನೇ ಸೇರಿಸದೆ, ತೆರೆದ ಗಾಳಿಯಲ್ಲಿ ಅಳೆದ ಲೆಕ್ಕ. ನೀರಿನೊಳಗೆ ಇಳಿಸಿದರೆ ಅಷ್ಟು ಬರುವುದಿಲ್ಲ. ಒಂದು ಮೀಟರ್ ಆಳದ ನೀರು ಸುಮಾರು 10 ಕಿಲೋಪಾಸ್ಕಲ್ ಒತ್ತಡ ಹಾಕುತ್ತದೆ. ಅದನ್ನೇ 0.1 ಬಾರ್ ಅಥವಾ 0.01 ಮೆಗಾಪಾಸ್ಕಲ್ ಅಂತಲೂ ಬರೆದಿರಬಹುದು, ಮೂರೂ ಒಂದೇ. ಏರ್ ಸ್ಟೋನ್ (ಕೊಳವೆಯ ತುದಿಯಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಕಲ್ಲು) ಮತ್ತು ಕೊಳವೆಯ ತಡೆಗೆ ಇನ್ನೊಂದು 3ರಿಂದ 5 ಕಿಲೋಪಾಸ್ಕಲ್ ಸೇರಿಸಿ. ಎಲ್ಲೆಡೆ 0.8 ಮೀಟರ್ ಆಳವೇ ಇರುವ ನಮ್ಮ ಕೊಳಕ್ಕೆ ಒಟ್ಟು 11-13 ಆಯಿತು.

ಈಗ ಪಂಪಿನ ಕೈಪಿಡಿಯಲ್ಲಿ ಒತ್ತಡ ಮತ್ತು ಗಾಳಿಯ ಗೆರೆಚಿತ್ರ ಹುಡುಕಿ. 13 ಕಿಲೋಪಾಸ್ಕಲ್ ಇರುವ ಕಡೆಯಿಂದ ನೇರ ಮೇಲೆ ಹೋಗಿ ಗೆರೆ ಮುಟ್ಟಿ, ಅಲ್ಲಿ ಎಷ್ಟು ಲೀಟರ್ ಅಂತ ಓದಿ. ನಿಮಗೆ ಬೇಕಾದ 40 ಲೀಟರ್ ಸಿಗಬೇಕಾದದ್ದು ಅಲ್ಲಿ. ‘ಗರಿಷ್ಠ ಆಳ 2 ಮೀಟರ್’ ಅಂತ ಬರೆದಿದ್ದರೂ ಎಚ್ಚರ. ಅಷ್ಟು ಆಳದಲ್ಲಿ ಗಾಳಿ ಬಹುತೇಕ ನಿಂತೇ ಹೋಗಿರಬಹುದು. ಗೆರೆಚಿತ್ರವೂ ಇಲ್ಲ, ಒತ್ತಡದ ಅಂಕಿಯೂ ಇಲ್ಲ ಎಂದಾದರೆ ಆ ಪಂಪನ್ನು ಬಿಟ್ಟುಬಿಡಿ, ಎಷ್ಟೇ ಅಗ್ಗವಾಗಿದ್ದರೂ.

ತಂದ ಮೇಲೆ ಮನೆಯಲ್ಲೇ ಅಳೆದು ನೋಡಬಹುದು. ಪಂಪಿಗೆ ಕೊಳವೆ ಜೋಡಿಸಿ, ತುದಿಯ ಸ್ಟೋನ್ ಕಳಚಿಡಿ. 10 ಲೀಟರಿನ ಬಕೆಟನ್ನು ಕೊಳದಲ್ಲಿ ಮುಳುಗಿಸಿ, ಒಳಗೆ ಗಾಳಿ ಉಳಿಯದ ಹಾಗೆ ಬೋರಲು ಹಾಕಿ, ಬಾಯಿ ನೀರಿನೊಳಗೇ ಇರುವಂತೆ ಹಿಡಿದುಕೊಳ್ಳಿ. ಗಾಳಿಯ ಕೊಳವೆಯನ್ನು ಬಾಯಿಯೊಳಗೆ ತೂರಿಸಿ ಸಮಯ ನೋಡಿ. ಬಕೆಟಿನ ನೀರೆಲ್ಲ ಹೊರಹೋಗಿ ಅಂಚಿನಿಂದ ಗುಳ್ಳೆ ಸಿಡಿಯಲು 15 ಸೆಕೆಂಡು ಹಿಡಿದರೆ ನಿಮಿಷಕ್ಕೆ 40 ಲೀಟರ್. 30 ಸೆಕೆಂಡು ಹಿಡಿದರೆ 20 ಲೀಟರ್ ಮಾತ್ರ. ಗಾಳಿ ತುಂಬಿದ ಬಕೆಟ್ ಜೋರಾಗಿ ಮೇಲೆ ತಳ್ಳುತ್ತದೆ, ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು, ಜೊತೆಗೊಬ್ಬರು ಇದ್ದರೆ ಸುಲಭ. ಬಂದ ಅಂಕಿಯನ್ನು ಪಂಪಿನ ಮೈಮೇಲೇ ತಾರೀಖಿನ ಜೊತೆ ಬರೆದಿಡಿ.

ಕರೆಂಟ್ ಬಿಲ್ಲಿನ ಲೆಕ್ಕ

40 ವಾಟಿನ ಪಂಪ್ ದಿನವಿಡೀ ಓಡಿದರೆ 0.96 ಯೂನಿಟ್, ತಿಂಗಳಿಗೆ ಸುಮಾರು 29 ಯೂನಿಟ್. 100 ವಾಟಿನ ಕಾರಂಜಿ ಪಂಪ್ ತಿಂಗಳಿಗೆ 72 ಯೂನಿಟ್ ತಿನ್ನುತ್ತದೆ. ವರ್ಷಕ್ಕೆ ಎರಡರ ನಡುವೆ 525 ಯೂನಿಟ್ ವ್ಯತ್ಯಾಸ. ಇದನ್ನು ನಿಮ್ಮ ಬಿಲ್ಲಿನ ಯೂನಿಟ್ ದರದಿಂದ ಗುಣಿಸಿ ನೋಡಿ. ಎರಡು ಪಂಪುಗಳ ಬೆಲೆಯಲ್ಲಿ ಇರುವ ಅಂತರ ಎಷ್ಟು ತಿಂಗಳಲ್ಲಿ ತೀರುತ್ತದೆ ಅಂತ ಆಗ ತಾನಾಗಿ ಗೊತ್ತಾಗುತ್ತದೆ.

ಮೀನು ಕಡಿಮೆ ಇದ್ದರೆ ಟೈಮರ್ ಹಾಕಿ, ಸಂಜೆಯಿಂದ ಬೆಳಗ್ಗೆ ಬಿಸಿಲೇರುವವರೆಗೆ ಮಾತ್ರ ಓಡಿಸಬಹುದು. ಬಿಲ್ ಸುಮಾರು ಅರ್ಧಕ್ಕಿಳಿಯುತ್ತದೆ. ಮೀನು ಜಾಸ್ತಿ ಇದ್ದರೆ, ಅಥವಾ ಫಿಲ್ಟರಿನೊಳಗೂ ಅದೇ ಗಾಳಿ ಹೋಗುತ್ತಿದ್ದರೆ, ಈ ಉಳಿತಾಯ ಬೇಡ. ಫಿಲ್ಟರಿನ ಬ್ಯಾಕ್ಟೀರಿಯಾಗೂ ಸದಾ ಆಮ್ಲಜನಕ ಬೇಕು. ಪಾಚಿ ಸಾಯಿಸುವ ಔಷಧಿ ಅಥವಾ ಮೀನಿಗೆ ಔಷಧಿ ಹಾಕಿದ ದಿನಗಳಲ್ಲೂ ಪಂಪ್ ನಿಲ್ಲಿಸಬಾರದು.

ಕೊಳವೆ, ಸ್ಟೋನ್, ಜೋಡಣೆ

40 ಲೀಟರ್ ಗಾಳಿಯನ್ನು ಅಕ್ವೇರಿಯಂನ 4 ಮಿಲಿಮೀಟರ್ ಕೊಳವೆಯೊಂದರಲ್ಲೇ ತೂರಿಸಿದರೆ ಪಂಪ್ ಏದುಸಿರು ಬಿಡುತ್ತದೆ. ಪಂಪಿನಿಂದ ಕೊಳದ ಅಂಚಿನವರೆಗೆ ದಪ್ಪ ಕೊಳವೆ ಎಳೆಯಿರಿ. ಅಲ್ಲಿ ನಾಲ್ಕು ಬಾಯಿಯ ವಾಲ್ವ್ ಇಟ್ಟು, ಅಲ್ಲಿಂದ ಮುಂದೆ ಸಣ್ಣ ಕೊಳವೆಗಳನ್ನು ಗಿಡ್ಡವಾಗಿ ಬಿಡಿ. ಗಾಳಿ ಹೆಚ್ಚಾಯಿತೆಂದು ವಾಲ್ವುಗಳನ್ನು ಬಿಗಿ ಮಾಡಬೇಡಿ, ಒಂದು ಬಾಯಿಯನ್ನು ಹೊರಗೆ ತೆರೆದುಬಿಡಿ. ಒತ್ತಡ ಏರಿದರೆ ಪಂಪ್ ಬಿಸಿಯಾಗಿ ಡಯಾಫ್ರಾಮ್ ಬೇಗ ಹರಿಯುತ್ತದೆ.

ಏರ್ ಸ್ಟೋನ್ ಅಗ್ಗ, ಆದರೆ ಪಾಚಿ ಮತ್ತು ಸುಣ್ಣದ ಅಂಶ ಕಟ್ಟಿಕೊಂಡು ಮುಚ್ಚಿಹೋಗುತ್ತದೆ. ರಬ್ಬರ್ ಪೊರೆಯ ಡಿಸ್ಕ್ ಡಿಫ್ಯೂಸರ್ ಒಮ್ಮೆ ಕೊಂಡರೆ ಒರೆಸಿ ಒರೆಸಿ ಬಳಸಬಹುದು. ತೀರಾ ಕಡಿಮೆಯಲ್ಲಿ ಆಗಬೇಕೆಂದರೆ ಪಿವಿಸಿ ಪೈಪಿಗೆ 1 ಮಿಲಿಮೀಟರ್ ತೂತುಗಳನ್ನು ಕೊರೆದು, ತುದಿ ಮುಚ್ಚಿ, ಭಾರ ಕಟ್ಟಿ ಮುಳುಗಿಸಿ. ಗುಳ್ಳೆ ದಪ್ಪ ಬರುತ್ತದೆ, ಆದರೂ ನೀರನ್ನು ಸುತ್ತಿಸುವ ಕೆಲಸ ಆಗುತ್ತದೆ. ಪೈಪ್ ಮಟ್ಟಸವಾಗಿ ಕೂರಬೇಕು. ಒಂದು ಬೆರಳಿನಷ್ಟು ಓರೆಯಾದರೂ ಎತ್ತರದ ತುದಿಯ ತೂತುಗಳಿಂದಲೇ ಗಾಳಿಯೆಲ್ಲ ಹೋಗಿ, ಉಳಿದವು ಸುಮ್ನೆ ಇರುತ್ತವೆ.

ಡಿಫ್ಯೂಸರನ್ನು ಹೂಳಿನ ಮೇಲೆ ನೇರವಾಗಿ ಇಡಬೇಡಿ, ಚಪ್ಪಟೆ ಕಲ್ಲಿನ ಮೇಲಿಡಿ. ನೈದಿಲೆಯಿಂದ ದೂರವಿರಲಿ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟುವ ಊರಾದರೆ ಆಗ ಅದನ್ನು ಅರ್ಧ ಆಳಕ್ಕೆ ಎತ್ತಿಡಬೇಕು. ತಳದ ಬೆಚ್ಚಗಿನ ನೀರಿನಲ್ಲಿ ಮೀನುಗಳು ತಂಗಿರುತ್ತವೆ, ಅದನ್ನು ಕಲಕಬಾರದು. ಎರಡು ಮೀಟರಿಗಿಂತ ಆಳದ ಹಳೆಯ ಕೊಳದಲ್ಲಿ ಮೊದಲ ಸಲ ಪಂಪ್ ಹಾಕುವಾಗ ಅರ್ಧ ಗಂಟೆ ಮಾತ್ರ ಓಡಿಸಿ, ದಿನ ದಿನಕ್ಕೆ ದುಪ್ಪಟ್ಟು ಮಾಡುತ್ತಾ ಹೋಗಿ. ತಳದ ಆಮ್ಲಜನಕವಿಲ್ಲದ ನೀರು ಒಮ್ಮೆಗೇ ಬೆರೆತರೆ ಮೀನಿಗೆ ಅಪಾಯ.

ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ. ಕೆಳಗಿದ್ದರೆ ಕರೆಂಟ್ ಹೋದ ಕೂಡಲೇ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ನುಗ್ಗುತ್ತದೆ. ಮೇಲಿಡಲು ಆಗದಿದ್ದರೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಕಡ್ಡಾಯ. ಮಳೆ ಬಿಸಿಲು ಬೀಳದ ಹಾಗೆ ಮರೆ ಮಾಡಿ, ಆದರೆ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಬೇಡಿ. ಗಿಡಕ್ಕೆ ಕೀಟನಾಶಕ ಸಿಂಪಡಿಸುವ ಕಡೆಯಿಂದಲೂ ದೂರವಿಡಿ. ಪಂಪ್ ಎಳೆದುಕೊಂಡ ಗಾಳಿಯೇ ನೀರಿಗೆ ಹೋಗುವುದು ಅಲ್ವಾ?

ಕರೆಂಟಿನ ವಿಷಯದಲ್ಲಿ ಮಾತ್ರ ಕಾಸು ಉಳಿಸಬೇಡಿ. ಆ ಲೈನಿಗೆ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ, ಆಮೇಲೆ ಪಂಪ್ ಕೊಳ್ಳಿ. ವೈರ್ ಪ್ಲಗ್ಗಿಗೆ ಹೋಗುವ ಮುಂಚೆ ಸ್ವಲ್ಪ ಕೆಳಗೆ ಜೋತುಬಿದ್ದಿರಲಿ, ಆಗ ವೈರ್ ಮೇಲೆ ಹರಿದ ನೀರು ಪ್ಲಗ್ಗಿಗೆ ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಬಕೆಟ್ ಪರೀಕ್ಷೆ ಮಾಡುವಾಗ ಅದನ್ನು ಕೀಳಲು ಆಗುವುದಿಲ್ಲ, ಹಾಗಾಗಿ ಪಂಪನ್ನೂ ಪ್ಲಗ್ಗನ್ನೂ ದಡದಿಂದ ದೂರ, ಒಣ ಜಾಗದಲ್ಲಿಡಿ. ಆರ್‌ಸಿಸಿಬಿ ಇಲ್ಲದ ಲೈನಿನಲ್ಲಿ ಆ ಪರೀಕ್ಷೆಗೆ ಹೋಗಲೇಬೇಡಿ.

ಕರೆಂಟ್ ಹೋದರೆ, ಪಂಪ್ ಸೋತರೆ

ಮೀನು ಒತ್ತಾಗಿರುವ ಕೊಳವಾದರೆ ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪೊಂದು ಮನೆಯಲ್ಲಿರಲಿ. ಅದೂ ಇಲ್ಲದ ರಾತ್ರಿ ಕೊಳದ ನೀರನ್ನೇ ಬಕೆಟಿನಲ್ಲಿ ತುಂಬಿ ಎತ್ತರದಿಂದ ಮತ್ತೆ ಕೊಳಕ್ಕೇ ಸುರಿಯುತ್ತಿರಿ. ನಲ್ಲಿ ನೀರು ಬಿಡುವುದಾದರೆ ಅದರಲ್ಲಿ ಕ್ಲೋರಿನ್ ಇರಬಹುದು, ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಜಾಸ್ತಿ ಬಿಡಬೇಡಿ. ಕರೆಂಟ್ ಬರುವವರೆಗೆ ಮೀನಿಗೆ ಊಟ ಬೇಡ.

ಪಂಪಿನ ಗಾಳಿ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಧೂಳು ಕೊಡವಿ. ಸ್ಟೋನ್ ಮುಚ್ಚಿಹೋಗಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿ, ಉಜ್ಜಿ, ಚೆನ್ನಾಗಿ ತೊಳೆದು ಹಾಕಿ. ಗುಳ್ಳೆ ಕಡಿಮೆಯಾಯಿತು ಅನ್ನಿಸಿದರೆ ಸ್ಟೋನ್ ಕಳಚಿ ಬಕೆಟ್ ಪರೀಕ್ಷೆ ಮತ್ತೆ ಮಾಡಿ, ಪಂಪಿನ ಮೈಮೇಲೆ ಬರೆದಿಟ್ಟ ಅಂಕಿಯ ಜೊತೆ ಹೋಲಿಸಿ. ಅಂಕಿ ಹಾಗೇ ಇದ್ದರೆ ತಪ್ಪು ಸ್ಟೋನಿನದ್ದು. ಅಂಕಿಯೂ ಇಳಿದಿದ್ದರೆ ಡಯಾಫ್ರಾಮ್ ಬದಲಿಸುವ ಕಾಲ ಬಂದಿದೆ. ಒಂದೆರಡು ವರ್ಷಕ್ಕೊಮ್ಮೆ ಇದು ಬೇಕಾಗುತ್ತದೆ. ಪಂಪ್ ಕೊಳ್ಳುವ ದಿನವೇ ಅದರ ಡಯಾಫ್ರಾಮ್ ಕಿಟ್ ಒಂದನ್ನು ಜೊತೆಗೇ ಕೊಂಡಿಡಿ. ಕಿಟ್ ಸಿಗುವುದಿಲ್ಲ ಅಂತ ಅಂಗಡಿಯವರು ಹೇಳಿದರೆ ಬೇರೆ ಪಂಪ್ ನೋಡಿ.